ಹನ್ನೆರಡು ಕಲ್ಲಿಗೂ ಒಂದೇ ತಾಯಿ

ಹನ್ನೆರಡು ಗ್ರಾನೈಟ್ ಕಲ್ಲುಗಳು, ಹನ್ನೆರಡಕ್ಕೂ ಒಂದೇ ಅಂಕೆ! ಸಂಶೋಧನಾ ವಿದ್ಯಾರ್ಥಿನಿ ಗಿರಿಗಿಟ್ಲೆಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆ ಹೆಸರಿಟ್ಟಿದ್ದು ಅವಳ ಅಕ್ಕ. ಇವತ್ತು ಅದು ಸಾರ್ಥಕವಾಗಿತ್ತು. ಅಂಕೆ ನೋಡಿ ಜೊತೆಗೆ ಕುಣಿದ ಗೈಡ್ ಮೇಡಂ ಊಟಕ್ಕೆ ಹೋಗಿದ್ದರು. ಇನ್ನೂ ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುವಂತಿತ್ತು. ಫೋನು ಹಿಡಿದುಕೊಂಡು ಎರಡೆರಡು ಮೆಟ್ಟಿಲು ಹಾರಿ ನೆಲಮಾಳಿಗೆಯ ಕಲ್ಲು ಕೊಯ್ಯುವ ಕೋಣೆಗೆ ನುಗ್ಗಿದಳು.

ಅಲ್ಲಿ ಗರಗಸದ ಮಾಮ ಇದ್ದರು. ಇಪ್ಪತ್ತಾರು ವರ್ಷದಿಂದ ಈ ವಿಭಾಗದ ಕಲ್ಲುಗಳನ್ನೆಲ್ಲ ಕೊಯ್ದು, ತೆಳ್ಳಗೆ ಉಜ್ಜಿ, ಗಾಜಿನ ಪಟ್ಟಿಗೆ ಅಂಟಿಸಿ ಕೊಡುತ್ತಿದ್ದವರು ಅವರೇ.

"ಮಾಮ, ಎಲ್ಲಾ ಒಂದೇ ತಾಯಿ ಮಕ್ಕಳು!"

"ಯಾರಮ್ಮಾ?" ಗರಗಸ ನಿಲ್ಲಿಸಿ ಕೇಳಿದರು.

"ನನ್ನ ಕಲ್ಲುಗಳು!"

ಉಸಿರು ಬಿಡದೆ ಒಪ್ಪಿಸಿದಳು. ಆಳದಲ್ಲಿ ಯಾವುದೋ ಹಳೆಯ ಕಲ್ಲು ಕರಗಿ, ನಿಧಾನವಾಗಿ ಆರಿ ಗಟ್ಟಿಯಾದರೆ ಗ್ರಾನೈಟ್. ಕರಗಿದ್ದು ಕಡಲ ತಳದ ಕೆಸರೋ, ಜ್ವಾಲಾಮುಖಿಯ ಕಲ್ಲೋ? ಅದರ ಗುಟ್ಟು ಬೋರಾನ್ ಎಂಬ ಧಾತುವಿನ ಹತ್ತಿರ ಇರುತ್ತದೆ. ಬೋರಾನಿನಲ್ಲಿ ಹಗುರದ್ದು, ಭಾರದ್ದು ಎಂದು ಎರಡು ಬಗೆ. ಯಾವುದು ಎಷ್ಟಿದೆ ಎಂದು ಅಳೆದರೆ ತಾಯಿಕಲ್ಲಿನ ಸುಳಿವು ಸಿಗುತ್ತದೆ. ಎರಡು ಬೆಟ್ಟಗಳಿಂದ ತಂದ ಹನ್ನೆರಡು ಕಲ್ಲುಗಳನ್ನು ಅವಳು ಪುಡಿಮಾಡಿ ಅಳೆಸಿದ್ದಳು. ಸಂಜೆ ಮೇಡಂ ಆ ಅಂಕೆಗಳನ್ನು ಸೇರಿಸಿದ ಲೇಖನವನ್ನು ಸಂಶೋಧನಾ ಪತ್ರಿಕೆಗೆ ಕಳಿಸುವವರಿದ್ದರು.

ಮಾಮ ಕೈ ಒರೆಸಿಕೊಂಡರು. "ಅಲ್ಲಾ, ಹನ್ನೆರಡು ಮಕ್ಕಳಿಗೂ ತಂದು ಅಂಟಿಸಿದ ಹಾಗೆ ಒಂದೇ ಮೂಗು ಅಂದ್ರೆ ನಂಗೆ ಮೂಗಿನ ಮೇಲಲ್ಲ, ನೋಡಿದವರ ಕನ್ನಡಕದ ಮೇಲೆ ಅನುಮಾನ. ಯಾವುದ್ರಲ್ಲಿ ಪುಡಿ ಮಾಡ್ದೆ?"

"ಕಪ್ಪು ಕಲ್ಬತ್ತಲ್ಲಿ. ಅದೇ ಎಲ್ಲಕ್ಕಿಂತ ಗಟ್ಟಿ ಅಲ್ವಾ?"

"ಅಂಚು ಕಿತ್ತುಹೋಗಿರೋದಾ?"

"ಹೂಂ."

"ತಳದಲ್ಲಿ ಏನು ಬರ್ದಿದೆ ನೋಡಿದ್ಯಾ?"

ನೋಡಿರಲಿಲ್ಲ. ಪಕ್ಕದ ಕೋಣೆಗೆ ಹೋಗಿ ಕಪಾಟಿನಿಂದ ಕಲ್ಬತ್ತನ್ನು ತೆಗೆದು ಮಗುಚಿದಳು. ಬೋರಾನ್ ಕಾರ್ಬೈಡ್.

ಬೋರಾನ್ ಅಳೆಯಬೇಕಾದ ಕಲ್ಲನ್ನು ಬೋರಾನಿನದೇ ಕಲ್ಬತ್ತಿನಲ್ಲಿ ಕುಟ್ಟಿದ್ದಳು! ಸವೆದ ಕಲ್ಬತ್ತು ಪುಡಿಯೊಳಗೆ ಸೇರಿ, ಕಲ್ಲಿನ ಸ್ವಂತ ಬೋರಾನನ್ನು ಮುಚ್ಚಿಹಾಕಿತ್ತು. ಹನ್ನೆರಡು ಮಕ್ಕಳ ತಾಯಿ ಬೆಟ್ಟದಲ್ಲಿರಲಿಲ್ಲ, ಕಪಾಟಿನಲ್ಲಿತ್ತು.

ಗಿರಿಗಿಟ್ಲೆ ತಿರುಗುವುದು ನಿಂತಿತು. ವಾಪಸ್ ಬಂದು ಸ್ಟೂಲಿನ ಮೇಲೆ ಕುಸಿದಳು. "ಮುಗೀತು ಮಾಮ. ಇದ್ದ ಕಲ್ಲೆಲ್ಲಾ ಕುಟ್ಟಿಬಿಟ್ಟೆ. ಆ ಕ್ವಾರಿಗಳಲ್ಲಿ ಈಗ ನೀರು ತುಂಬಿದೆ. ಎರಡು ತಿಂಗಳಲ್ಲಿ ಥೀಸಿಸ್ ಕೊಡ್ಬೇಕು. ಕಿರಣ ಬಿಟ್ಟು ಬೋರಾನ್ ಅಳೆಯೋ ದೊಡ್ಡ ಯಂತ್ರದಲ್ಲಿ ನಂಗೆ ಇನ್ನು ಉಳಿದಿರೋದೇ ಒಂದು ದಿನ, ಈ ಗುರುವಾರ. ಇಟ್ಟು ಅಳೆಯೋಕೆ ಏನಿದೆ, ನನ್ನ ತಲೆ?"

"ತಲೆ ಬೇಡ, ಅದ್ರಲ್ಲಿ ಏನೂ ಸಿಗಲ್ಲ," ಎಂದು ಮಾಮ ಕೆಳಗಿನ ಡ್ರಾಯರು ಎಳೆದರು. ಹಳೆಯ ಪೇಪರಿನಲ್ಲಿ ಸುತ್ತಿದ ಹನ್ನೆರಡು ಚಿಕ್ಕ ಪೊಟ್ಟಣಗಳು. ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಅವಳದೇ ಕಲ್ಲಿನ ನಂಬರು. "ಕುಟ್ಟೋ ಮುಂಚೆ ಸಣ್ಣಗೆ ಕೊಯ್ದು ಕೊಡಿ ಅಂದಿದ್ಯಲ್ಲ. ಉಳಿದ ತುಂಡು."

"ಯಾಕೆ ಇಟ್ಕೊಂಡ್ರಿ?"

"ಎಲ್ಲರದ್ದೂ ಇಡ್ತೀನಿ. ಹೋಗುವಾಗ ನಗ್ತಾ ಹೋಗ್ತೀರ, ಬರುವಾಗ ಹೀಗೇ ಮುಖ ಮಾಡ್ಕೊಂಡು ಬರ್ತೀರ."

ತುಂಡುಗಳಲ್ಲಿ ಕಪ್ಪು ಕಡ್ಡಿಯಂಥ ಹರಳುಗಳು ಮಿಂಚಿದವು. ಟೂರ್ಮಲಿನ್! ಬೋರಾನನ್ನು ಒಡಲಲ್ಲೇ ತುಂಬಿಕೊಂಡು, ನಡುವಿನಿಂದ ಸುತ್ತಿನ ಮೇಲೆ ಸುತ್ತಾಗಿ ಬೆಳೆಯುವ ಹರಳು. ಅದನ್ನು ಕುಟ್ಟಲೇಬೇಕಿಲ್ಲ, ಅಡ್ಡ ಕೊಯ್ದು ಹೊಳಪು ಕೊಟ್ಟರೆ ಯಂತ್ರದ ಕಿರಣ ಬೇಕಾದ ಸುತ್ತಿಗೇ ತಾಗಿ ಅಳೆಯುತ್ತದೆ.

"ಗುರುವಾರದೊಳಗೆ ಆಗತ್ತಾ ಮಾಮ?"

"ನೀನು ಇಲ್ಲಿ ನಿಂತು ಮಾತಾಡದಿದ್ರೆ ಆಗತ್ತೆ. ಮೊದ್ಲು ಮೇಡಂಗೆ ಹೇಳು, ಹೋಗು."

ಮೇಡಂ ಪೂರ್ತಿ ಕೇಳಿದರು. ಕಳಿಸಬೇಕಿದ್ದ ಲೇಖನವನ್ನು ಮುಚ್ಚಿದರು. ಆಮೇಲೆ ಹಣೆ ಒತ್ತಿಕೊಂಡು, "ಅಂಕೆ ನೋಡಿ ನಾನೂ ನಿನ್ನ ಜೊತೆ ಕುಣಿದೆನಲ್ಲೇ," ಎಂದು ನಕ್ಕೇಬಿಟ್ಟರು. "ಕಂಡುಹಿಡಿದಿದ್ದು ಯಾರು?"

"ಗರಗಸದ ಮಾಮ."

"ಗುರುವಾರ ಅವರನ್ನೂ ಕರ್ಕೊಂಡು ಹೋಗು. ಇಷ್ಟು ವರ್ಷ ನಮಗೆ ಕೊಯ್ದು ಕೊಟ್ಟಿದ್ದಾರೆ, ಆಮೇಲೆ ಏನಾಯ್ತು ಅಂತ ನಾವ್ಯಾರೂ ತೋರಿಸಿಲ್ಲ."

ಗುರುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ ಮಾಮ, ಪರದೆಯ ಮೇಲೆ ತಾವು ಕೊಯ್ದ ಹರಳನ್ನು ಕಂಡು ಮೂಗು ತಾಗುವಷ್ಟು ಹತ್ತಿರ ಬಗ್ಗಿದರು. ಬರಿಗಣ್ಣಿಗೆ ಕಪ್ಪು ಕಡ್ಡಿ. ಇಲ್ಲಿ ಕಂದು ನಡು, ಸುತ್ತಲೂ ನೀಲಿ ಅಂಚು, ಮೊಂಡು ಮೂಲೆಗಳ ತ್ರಿಕೋನ. ಒಂದು ಚುಕ್ಕಿ ಅಳೆಯಲು ನಾಲ್ಕು ನಿಮಿಷ. ಸಂಜೆಯ ಹೊತ್ತಿಗೆ ಚಿತ್ರ ಸ್ಪಷ್ಟವಾಯಿತು. ಒಂದು ಬೆಟ್ಟದ ಏಳು ಕಲ್ಲುಗಳ ನಡುಭಾಗದಲ್ಲಿ ಹಗುರ ಬೋರಾನ್ ಹೆಚ್ಚು: ಕರಗಿದ್ದು ಹಳೆಯ ಕೆಸರು. ಇನ್ನೊಂದು ಬೆಟ್ಟದ ಐದರಲ್ಲಿ ಭಾರದ್ದು ಹೆಚ್ಚು: ಅಲ್ಲಿ ಕರಗಿದ್ದು ಜ್ವಾಲಾಮುಖಿಯ ಕಲ್ಲಿರಬೇಕು. ಒಬ್ಬಳಲ್ಲ, ಇಬ್ಬರು ತಾಯಂದಿರು.

"ಕೊನೇ ಚುಕ್ಕಿ," ಎಂದರು ಯಂತ್ರ ನಡೆಸುವವರು. "ಎಲ್ಲಿಗೆ?"

ಗಿರಿಗಿಟ್ಲೆ ಎದ್ದು ಕುರ್ಚಿ ಬಿಟ್ಟುಕೊಟ್ಟಳು. "ಮಾಮ, ನೀವು ಹೇಳಿ."

"ನಂಗೇನು ಗೊತ್ತಮ್ಮಾ?"

"ನನಗಿಂತ ಜಾಸ್ತಿ ಗೊತ್ತು. ಅದು ಸಾಬೀತಾಗಿದೆ."

ಮಾಮ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಕಂದು ಮುಗಿದು ನೀಲಿ ಶುರುವಾಗುವಲ್ಲಿ ಕೂದಲೆಳೆಯಷ್ಟು ತೆಳುವಾದ ಗೆರೆ. ಅದರ ಆಚೆ ಬೆರಳಿಟ್ಟರು. ಯಂತ್ರ ನಾಲ್ಕು ನಿಮಿಷ ಅಳೆಯಿತು.

"ಏನಂತೆ?"

"ಅಂಕೆ ಒಂದೇ ಸಲಕ್ಕೆ ಬದಲಾಗಿದೆ ಮಾಮ! ಕರಗಿದ ಕಲ್ಲು ಬೆಳೆಸಿದ್ದು ಈ ಗೆರೆ ತನಕ. ಆಮೇಲಿನದು, ಆರುವಾಗ ಅದರಿಂದ ಹೊರಬಂದ ಬಿಸಿ ನೀರು ಬೆಳೆಸಿದ್ದು." ಮಾಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಸರಿ, ಸರಿ," ಎಂದರು ಮಾಮ. ಕಣ್ಣು ಇನ್ನೂ ಪರದೆಯ ಮೇಲೇ ಇತ್ತು. "ಇನ್ನೊಂದು ನಾಲ್ಕು ನಿಮಿಷ ಕೊಡ್ತಾರಾ, ಕೇಳು."