ಬಾವಿಯಲ್ಲೇ ಉಳಿದ ಗಿರಿಜವ್ವ

ನಾನೊಂದು ಕಾದಂಬರಿ. ಹುಬ್ಬಳ್ಳಿಯ ಒಂದು ಸಣ್ಣ ಮುದ್ರಣಾಲಯದಲ್ಲಿ ಹುಟ್ಟಿದೆ. ಅಲ್ಲಿ ಹದಿನಾರು ಪುಟಗಳ ಮಡಿಕೆಗೆ ಫಾರಂ ಎನ್ನುತ್ತಾರೆ. ಫಾರಂಗಳನ್ನು ಕ್ರಮವಾಗಿ ಜೋಡಿಸಿ ಹೊಲಿದರೆ ಪುಸ್ತಕ. ನನ್ನ ಸರದಿ ಬಂದಾಗ ಬೈಂಡರ್ ದಾದಾಪೀರ ಫೋನಿನಲ್ಲಿ ಮನೆ ಮಾಲೀಕನ ಜೊತೆ ಜಗಳಕ್ಕೆ ಬಿದ್ದಿದ್ದ. ಆರನೇ ಫಾರಂ ಎರಡು ಸಲ ಸೇರಿಸಿದ, ಏಳನೆಯದನ್ನು ಬಿಟ್ಟೇಬಿಟ್ಟ. ಬಿಟ್ಟದ್ದರ ಮೇಲೆ ಸಂಜೆ ಮಿರ್ಚಿ ಇಟ್ಟುಕೊಂಡು ತಿಂದ.

ಹೀಗಾಗಿ ನನ್ನ ಕಥಾನಾಯಕಿ ಗಿರಿಜವ್ವ ಕೊಡ ತೆಗೆಯಲು ಎರಡು ಸಲ ಬಾವಿಗೆ ಇಳಿಯುತ್ತಾಳೆ, ಒಮ್ಮೆಯೂ ಮೇಲೆ ಬರುವುದಿಲ್ಲ. ಮುಂದಿನ ಪುಟದಲ್ಲಿ ನೋಡಿದರೆ ಮದುವೆ ಮನೆಯಲ್ಲಿ ಹೋಳಿಗೆ ಬಡಿಸುತ್ತಿರುತ್ತಾಳೆ. ಅವಳನ್ನು ಎತ್ತದಿದ್ದರೆ ಬೇಡ, ಬಾವಿಯಲ್ಲಿದ್ದಾಳೆ ಎಂದು ಗಮನಿಸುವವರಾದರೂ ಒಬ್ಬರು ಸಿಗಲಿ ಎಂದು ಕಾದೆ. ಕಾದಿದ್ದೇ ಬಂತು.

ಆ ವರ್ಷ ಊರಿನಲ್ಲಿ ‘ನಮ್ಮೂರು ಓದಲಿ’ ಎಂಬ ಅಭಿಯಾನ ಶುರುವಾಯಿತು. ಪುಸ್ತಕ ಓದಬೇಕು, ಮೊದಲ ಖಾಲಿ ಹಾಳೆಯಲ್ಲಿ ಶಿಫಾರಸಿನ ಒಂದು ಸಾಲು ಬರೆಯಬೇಕು, ಇನ್ನೊಬ್ಬರಿಗೆ ದಾಟಿಸಬೇಕು. ನಮ್ಮ ಜನ ಮೊದಲನೆಯದೊಂದನ್ನು ಬಿಟ್ಟು ಉಳಿದೆರಡನ್ನೂ ಶ್ರದ್ಧೆಯಿಂದ ಮಾಡಿದರು.

ಅಭಿಯಾನದ ಮುಖ್ಯಸ್ಥರಾದ ನಿವೃತ್ತ ಪ್ರಾಂಶುಪಾಲ ನಿಜಗುಣಪ್ಪನವರು ನನ್ನ ಹಿಂಬದಿಯ ರಕ್ಷಾಪುಟ ಓದಿ, ‘ಕೊನೆಯವರೆಗೂ ಕೈಬಿಡದ ಕೃತಿ’ ಎಂದು ಬರೆದರು. ಹಲ್ಲಿನ ಡಾಕ್ಟರು ವತ್ಸಲಾ ಆ ಸಾಲು ಓದಿ, ‘ನಿಜಕ್ಕೂ ಕೈಬಿಡದ ಕೃತಿ’ ಎಂದರು. ಬಟ್ಟೆ ಅಂಗಡಿಯ ಮುರಿಗೆಪ್ಪ ಇಬ್ಬರದ್ದೂ ಓದಿ, ‘ಪ್ರತಿ ಮನೆಯಲ್ಲೂ ಇರಬೇಕಾದ ಪುಸ್ತಕ’ ಎಂದು ಬರೆದು, ನನ್ನನ್ನು ಎದೆಗೆ ಹಿಡಿದು ಫೋಟೊ ತೆಗೆಸಿ ವಾಟ್ಸಾಪ್ ಗುಂಪಿಗೆ ಹಾಕಿದ. ರಾಶಿ ರಾಶಿ ಹೆಬ್ಬೆರಳು ಬಂದವು. ಬೆರಳೆಲ್ಲ ಅಲ್ಲೇ ಖರ್ಚಾಗಿ, ಪುಟ ತಿರುಗಿಸಲು ಒಂದೂ ಉಳಿಯಲಿಲ್ಲ. ನನಗಂತೂ ತಲೆ ಚಿಟ್ಟು ಹಿಡಿದುಹೋಯಿತು.

ಮುರಿಗೆಪ್ಪನ ಅತ್ತೆ ಅಂಬಕ್ಕ ಕಾಲು ಮುರಿದುಕೊಂಡು ಮಗಳ ಮನೆಗೆ ಬಂದಿದ್ದಳು. ಟೀವಿ ಕೆಟ್ಟಿದ್ದರಿಂದ ಬೇರೆ ದಾರಿಯಿಲ್ಲದೆ ನನ್ನನ್ನು ಎತ್ತಿಕೊಂಡಳು. ಬೈಯುತ್ತಲೇ ಓದಿದಳು. ಆದರೆ ಓದಿದಳು. ಬಾವಿಯ ಹತ್ತಿರ ನಿಂತಳು. ಹಿಂದೆ ತಿರುಗಿಸಿದಳು, ಮುಂದೆ ತಿರುಗಿಸಿದಳು, ಹಾಳೆಗಳು ಅಂಟಿಕೊಂಡಿವೆಯೇನೋ ಎಂದು ಬೆರಳಿಗೆ ಉಗುಳು ಹಚ್ಚಿ ಉಜ್ಜಿದಳು. ಅಬ್ಬಾ, ನನ್ನ ಜೀವಕ್ಕೆ ಹಾಯೆನಿಸಿತು.

“ಅಳಿಯಂದಿರ, ಬಾವ್ಯಾಗ ಇಳದಾಕಿನ್ನ ಮ್ಯಾಲ ಎತ್ತಿದವ್ರು ಯಾರ್ರಿ?”

ಮುರಿಗೆಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. “ಅದು ಲೇಖಕರ ಶೈಲಿ ಐತ್ರಿ ಅತ್ತಿಯವ್ರ.”

“ಶೈಲಿ ಬಂದು ಹಗ್ಗ ಬಿಡ್ತೈತೇನ್ರಿ?”

ಪ್ರಾಂಶುಪಾಲರಿಗೆ ಫೋನ್ ಹಚ್ಚಿದಳು. “ಅದು ಸಾಂಕೇತಿಕ ಬಾವಿರಿ ತಾಯಿ,” ಎಂದರು ಅವರು.

ಅಂಬಕ್ಕ ಪೆನ್ನು ತರಿಸಿ ಎಲ್ಲರ ಸಾಲುಗಳ ಕೆಳಗೆ ಬರೆದಳು: ‘ಇದರಾಗ ಹದಿನಾರು ಪುಟ ಇಲ್ಲ. ಬಾವ್ಯಾಗ ಇಳದಾಕಿ ಬಾವ್ಯಾಗ ಅದಾಳ. ಯಾರೂ ಓದಬ್ಯಾಡ್ರಿ.’

ಇಂಥ ಮಾತಿನಿಂದ ಓದುಗರ ಉತ್ಸಾಹ ಕುಗ್ಗುತ್ತದೆ ಎಂದು ನಿಜಗುಣಪ್ಪನವರು ನನ್ನನ್ನು ಅಭಿಯಾನದಿಂದಲೇ ತೆಗೆದುಹಾಕಿದರು. ಸುದ್ದಿ ಮಾತ್ರ ಗುಂಪಿನ ತುಂಬ ಹರಡಿತು. ಮೊದಲು ಬಂದವರು ಡಾಕ್ಟರು ವತ್ಸಲಾ. ಅಂಬಕ್ಕನ ಮುಂದೆ ಕೂತು, ತಾವು ಬರೆದ ಸಾಲನ್ನು ತಾವೇ ಹೊಡೆದುಹಾಕಿದರು.

“ಆ ಬಾವಿ ಎಲ್ಲಿ ಬರ್ತದರಿ ಅಂಬಕ್ಕಾರ? ಅಲ್ಲಿಂದ ಓದ್ಲೇನು?”

“ಮದಲನೇ ಪುಟದಿಂದ ಓದ್ರಿ,” ಎಂದಳು ಅಂಬಕ್ಕ.

ಆಮೇಲೆ ಪಕ್ಕದ ಮನೆಯವರು ಒಯ್ದರು, ಅವರಿಂದ ಮುಂದಿನ ಓಣಿಯವರು. ಗಿರಿಜವ್ವನಿಗೆ ಹಗ್ಗ ಇಳಿಬಿಟ್ಟಿದ್ದು ಗಂಡನೋ ನಾದಿನಿಯೋ ಎಂದು ಚಹಾದಂಗಡಿಯಲ್ಲಿ ವಾದ ನಡೆಯಿತು. ಓದಿ ಎಂದಾಗ ಓದದ ಜನ, ಓದಬೇಡಿ ಎಂದರೆ ಕಿತ್ತಾಡಿ ಓದುತ್ತಾರೆ. ಇವರಿಗೆ ಏನು ಹೇಳೋಣ?

ಈಗ ನಾನು ಅಂಬಕ್ಕನ ಕಿಟಕಿಯಲ್ಲಿದ್ದೇನೆ. ವಯಸ್ಸಾಗಿದೆ. ಅಷ್ಟು ಕೈಗಳು ಹಿಂದೆ ಮುಂದೆ ತಿರುಗಿಸಿ, ಬಾವಿಯ ಹತ್ತಿರ ಹೊಲಿಗೆ ಬಿಟ್ಟಿದೆ. ಗಿರಿಜವ್ವ ಇನ್ನೂ ಬಾವಿಯಲ್ಲೇ ಇದ್ದಾಳೆ. ಆದರೆ ಈಗ ಅವಳೆಲ್ಲಿ ಎಂದು ಕೇಳುವವರಿದ್ದಾರೆ.