ನಡೆದದ್ದು ನಡೆದ ಹಾಗೆ

"ಮಲಗೋಕೆ ಬೆಚ್ಚಗಿರೋ ಜಾಗ ಬೇಕಿತ್ತು ಈ ಮುಂಡೇದಕ್ಕೆ, ಹೋಗಿ ಮಲಗಿದ್ಲು. ಸಾಲದ್ದಕ್ಕೆ ನನ್ನ ಮೇಲೇ ದೂರು ಬೇರೆ," ಎಂದ ಮೇಸ್ತ್ರಿ, ಮೂರನೇ ವಿಚಾರಣೆಯ ದಿನ, ಅಕ್ಕನ ಮುಖಕ್ಕೆ ಬೆರಳು ತಿವಿಯುವಷ್ಟು ಹತ್ತಿರ ತಂದು.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳೇ. ಆಸ್ಪತ್ರೆಗಳ ಹಾಸು ಹೊದಿಕೆ ಒಗೆಯುವ ಈ ಕಾರ್ಖಾನೆಗೆ ಇಬ್ಬರೂ ಒಟ್ಟಿಗೆ ಸೇರಿದವರು. ಹೋದ ತಿಂಗಳು ಅವಳು ಹೊಟ್ಟೆನೋವು, ಸ್ವಲ್ಪ ಕೂರುತ್ತೇನೆ ಎಂದಳು. ಮೇಸ್ತ್ರಿ ಅವಳನ್ನು ಬಟ್ಟೆ ಒಣಗಿಸುವ ಬಿಸಿ ಕೋಣೆಗೆ ತಳ್ಳಿ, "ಇಲ್ಲಿ ಕೂರು ಆರಾಮಾಗಿ" ಎಂದು ಹೊರಗಿನಿಂದ ಚಿಲಕ ಹಾಕಿಕೊಂಡು ಟೀ ಕುಡಿಯಲು ಹೋದ. ನಾವು ಎಳೆದು ತರುವಾಗ ಅವಳಿಗೆ ಎಚ್ಚರವಿರಲಿಲ್ಲ, ಬಿಸಿ ಕೊಳವೆಗೆ ತಗುಲಿ ಮೊಣಕೈ ಬೆಂದಿತ್ತು. ಕಂಪನಿಯದು ಮಾತ್ರ ಒಂದೇ ಹಟ. ಆ ಬಾಗಿಲು ಒಳಗಿನಿಂದಲೂ ತೆರೆಯುತ್ತದಂತೆ, ಇವಳೇ ಕದ್ದು ನಿದ್ದೆ ಹೊಡೆಯಲು ಹೋದಳಂತೆ. ವರದಿಯಲ್ಲಿ ಹಾಗೆಂದು ಬಿದ್ದರೆ ಅಕ್ಕನ ಕೆಲಸ ಹೋದಂತೆ.

ವಿಚಾರಣೆಗೆಂದು ಕಂಪನಿ ಮೊದಲು ಕಳಿಸಿದಾತ ಹಿಂದೆ ಶಾಲೆಯ ಮೇಷ್ಟ್ರಾಗಿದ್ದವನು. ನಮ್ಮನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ಅಕ್ಕನ ಕೈಯಲ್ಲಿ ಕ್ಷಮಾಪಣೆ ಬರೆಸಿ, ಅದರಲ್ಲಿನ ಕಾಗುಣಿತ ತಿದ್ದಿ ಹೋದ. ಆಮೇಲೆ ಹಿಂದೆ ವಿಮೆ ಮಾರುತ್ತಿದ್ದ ಹೆಂಗಸೊಬ್ಬಳು ಬಂದಳು. ಅವಳು ಬೆಂದ ಮೊಣಕೈಯನ್ನು ತಿರುಗಿಸಿ ನೋಡಿ, "ಇದು ಮೊದಲಿಂದ್ಲೂ ಹೀಗೇ ಇತ್ತಾ?" ಎಂದಳು. ಇಬ್ಬರ ವರದಿಗೂ ನಾವು ಸಹಿ ಹಾಕಲಿಲ್ಲ. ಮುಂದೆ ಬರುವವನು ಯಾವ ಕಸುಬಿನವನಿರಬಹುದು ಎಂದು ಇಸ್ತ್ರಿ ಯಂತ್ರದ ಹತ್ತಿರ ನಾವು ಪಂದ್ಯ ಕಟ್ಟಿದ್ದೆವು. ಕಟುಕ ಎಂದಿದ್ದೆ ನಾನು. ಬಂದವನು ನಿವೃತ್ತ ಪೊಲೀಸ್. ಪಂದ್ಯ ಸೋತೆನೋ ಗೆದ್ದೆನೋ ಎಂದು ಇನ್ನೂ ಜಗಳವಿದೆ.

"ನಲವತ್ತು ವರ್ಷ ಠಾಣೇಲಿದ್ದೋನು ನಾನು. ಎಂಥೆಂಥಾ ಕಳ್ಳರ ಬಾಯಿ ಬಿಡಿಸಿದೀನಿ," ಎಂದ ಆತ ಮೀಸೆ ನೀವಿಕೊಂಡು. ನಂತರ ಅಕ್ಕನಿಗೆ, "ಹಿಂದೆ ಎಲ್ಲೆಲ್ಲಿ ಸಿಕ್ಕಿಬಿದ್ದಿದ್ಯೇ?"

ಅಕ್ಕ ತಲೆ ತಗ್ಗಿಸಿದಳು.

"ಬಾಯಿಮಾತು ಬೇಡ. ಠಾಣೇಲಿ ಮಾಡಿಸ್ತಿದ್ದಂಗೆ ಮಾಡಿಸ್ತೀನಿ. ನಡೆದಿದ್ದನ್ನ ನಡೆದಂಗೇ ಮಾಡಿ ತೋರ್ಸಿ. ಏಯ್, ನೀನು ಮೇಸ್ತ್ರಿ ಆಗು," ಎಂದು ನನ್ನತ್ತ ಕೈ ತೋರಿಸಿದ.

ಮೇಸ್ತ್ರಿಯ ಟೋಪಿ ಕಿತ್ತು ನನ್ನ ತಲೆಗಿಟ್ಟುಕೊಂಡೆ. ಹೊಟ್ಟೆ ಮುಂದೆ ಮಾಡಿ ನಡೆದೆ. ಹೆಂಗಸರೆಲ್ಲ ಕಿಸಕ್ಕೆಂದರು. ಆದರೆ ಅಕ್ಕ ಬಾಗಿಲ ಹತ್ತಿರ ಹೋದವಳೇ ಗಡಗಡ ನಡುಗಿದಳು, ಹೆಜ್ಜೆ ಮುಂದಿಡಲಿಲ್ಲ.

"ನಾಟಕ," ಎಂದ ಪೊಲೀಸ್. "ಸರಿ, ಅವಳ ಜಾಗಕ್ಕೆ ನಾನೇ ಹೋಗ್ತೀನಿ. ಒಳಗಿಂದ ತೆಗೆದು ಬಂದೆ ಅಂದ್ರೆ ನಿಮ್ಮೆಲ್ಲರ ಸುಳ್ಳೂ ಬಯಲು. ಹ್ಞೂ, ತಳ್ಳು."

ಇಂಥ ಮಾತು ಕೇಳುವ ಭಾಗ್ಯ ಎಷ್ಟು ಜನರಿಗಿದೆ? ಎರಡೂ ಕೈಯಿಂದ, ತುಂಬಿದ ಮೂಟೆ ತಳ್ಳುವ ಹಾಗೆ ತಳ್ಳಿದೆ. ಬಾಗಿಲು ಎಳೆದು ಚಿಲಕ ಜಡಿದೆ.

ಮೇಸ್ತ್ರಿ ಓಡಿಬಂದ. ಇಸ್ತ್ರಿ ಯಂತ್ರ ನಡೆಸುವ ದಪ್ಪಕ್ಕ ಒದ್ದೆ ಬಟ್ಟೆಯ ಗಾಡಿಯನ್ನು ಅಡ್ಡ ತಳ್ಳಿ ಅವನನ್ನು ಗೋಡೆಗೆ ಒತ್ತರಿಸಿ ನಿಲ್ಲಿಸಿದಳು.

"ನೀನೀಗ ಇಲ್ಲಿಲ್ಲ ಕಣೋ ಹಲ್ಕಟ್. ಟೀಗೆ ಹೋಗಿದೀಯ."

ನಮಗೆ ನಗು ತಡೆಯಲಾಗಲಿಲ್ಲ. ಒಬ್ಬಳು ನೆಲಕ್ಕೇ ಕುಸಿದು ಕೂತಳು. ಅಷ್ಟರಲ್ಲಿ ಒಳಗಿನಿಂದ ಹಿಡಿಕೆ ಅಲ್ಲಾಡಿತು. ಮತ್ತೆ ಅಲ್ಲಾಡಿತು. ಆಮೇಲೆ ದಬದಬ ಗುದ್ದು.

"ತೆಗೀರೇ, ಸೀದುಹೋಗ್ತಿದೀನಿ. ತೆಗೀರಮ್ಮಾ."

ನಾನು ಚಿಲಕಕ್ಕೆ ಕೈ ಹಾಕಲು ಹೋದೆ. ಅಕ್ಕ ನನ್ನ ಕೈ ಹಿಡಿದಳು. ಅವಳ ನಡುಕ ಎಲ್ಲಿ ಹೋಯಿತೋ, ಮುಖದಲ್ಲಿ ಒಂದು ತುಂಟತನ ಬಂದಿತ್ತು. ಚಿಕ್ಕವರಿದ್ದಾಗ ಮಾತ್ರ ನಾನು ಕಂಡಿದ್ದ ತುಂಟತನ ಅದು. ನೋಡಿ ನನಗೆ ಅಳು ಬಂತು, ಅಳುತ್ತಲೇ ನಕ್ಕೆ.

"ಸಾರ್," ಎಂದಳು ಬಾಗಿಲಿಗೆ ಬಾಯಿ ಹಚ್ಚಿ. "ಒಳಗಿಂದ ತೆಗೆಯೋಕೆ ಬರುತ್ತಾ?"

"ಬರಲ್ಲ ಕಣಮ್ಮಾ, ಬರಲ್ಲ."

"ಜೋರಾಗಿ ಹೇಳಿ ಸಾರ್. ಬರ್ಕೊಳ್ಳೋರು ಹೊರಗಿದಾರೆ."

ಹೇಳಿಕೆ ಬರೆದುಕೊಳ್ಳಲು ಪೊಲೀಸನ ಜೊತೆ ಬಂದಿದ್ದ ಗುಮಾಸ್ತ ಮೇಸ್ತ್ರಿಯನ್ನು ನೋಡಿದ, ದಪ್ಪಕ್ಕನನ್ನು ನೋಡಿದ, ತುಟಿ ಕಚ್ಚಿಕೊಂಡು ಬರೆಯತೊಡಗಿದ. ಹಾಳೆಯಲ್ಲಿ ಬಿದ್ದದ್ದು ಇಷ್ಟು: "ಹೊರಗಿನಿಂದ ಚಿಲಕ ಹಾಕಿದರೆ ಒಳಗಿನಿಂದ ತೆರೆಯಲು ಬರುವುದಿಲ್ಲ. ಖುದ್ದು ಪರೀಕ್ಷಿಸಿದ್ದೇನೆ." ಅಕ್ಕ ಹಾಳೆಯನ್ನೂ ಪೆನ್ನನ್ನೂ ಬಾಗಿಲ ಕೆಳಗಿನ ಸಂದಿಯಲ್ಲಿ ತೂರಿಸಿದಳು.

"ಒಂದು ಸಹಿ ಹಾಕಿ ಸಾರ್."

ಒಳಗಿನಿಂದ ಒಂದು ಅವಾಚ್ಯ ಬೈಗುಳ ಬಂತು. ಅಕ್ಕ ಕಾದಳು. ಮೆಟ್ಟಿಲ ಮೇಲೆ ಮ್ಯಾನೇಜರನ ಬೂಟಿನ ಸದ್ದು ಇಳಿಯುತ್ತಿತ್ತು. ಹೆಂಗಸರು ಒಬ್ಬರಿಗೊಬ್ಬರು ತೋಳು ಹೆಣೆದು ಮೆಟ್ಟಿಲ ಬುಡದಲ್ಲಿ ನಿಂತರು, ನಗುತ್ತಲೇ ಇದ್ದರು. ನಾಳೆ ನಮ್ಮೆಲ್ಲರನ್ನೂ ಹೊರಹಾಕುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಬೆವರಿನಿಂದ ಒದ್ದೆಯಾದ ಹಾಳೆ ಸಂದಿಯಿಂದ ಹೊರಬಂತು. ಅಕ್ಕ ಸಹಿಯನ್ನು ಊದಿ ಒಣಗಿಸಿ, ಮಡಿಸಿ, ಅಂಗಿಯೊಳಗೆ ಸೇರಿಸಿಕೊಂಡಳು. ಆಮೇಲೆ ಚಿಲಕ ಸರಿಸಿ ಬಾಗಿಲು ತೆರೆದಳು.

"ಬನ್ನಿ ಸಾರ್," ಎಂದಳು. "ಈಗ ಮೇಸ್ತ್ರಿ ಸರದಿ."