ನಲವತ್ತು ಬಿಲ್ಲೆ, ನಲವತ್ತು ಸೊನ್ನೆ

ನನ್ನ ಸೊಸೆಯ ಶಿಸ್ತು ಎಂಥದ್ದೆಂದರೆ, ಅವಳು ಕೇಕು ಮಾಡುವ ಅಡುಗೆಮನೆಗೆ ಇರುವೆ ಕೂಡ ಕಾಲೊರೆಸಿಕೊಂಡು ಬರುತ್ತದೆ. ಅಲ್ಲಿ ಮೂರು ವರ್ಷದಿಂದ ನನಗಿದ್ದ ಕೆಲಸ ಒಂದೇ, ರಟ್ಟಿನ ಡಬ್ಬಿ ಮಡಚುವುದು. ಮಡಚಿದ್ದನ್ನೆಲ್ಲ ಒಂದರ ಮೇಲೊಂದು ಪೇರಿಸಿದ್ದರೆ ಇಷ್ಟು ಹೊತ್ತಿಗೆ ಚಂದ್ರನ ಮೇಲೆ ಕೂತು ಕಾಲಾಡಿಸುತ್ತಿದ್ದೆ.

ನನಗೆ ಬೇಕಾಗಿದ್ದು ಕೋನ್. ಕಾಗದವನ್ನು ಸುರುಳಿ ಸುತ್ತಿ, ಕರಗಿಸಿದ ಚಾಕೊಲೇಟ್ ತುಂಬಿ, ತುದಿ ಕತ್ತರಿಸಿ ಅವಳು ಹೂವು, ಎಲೆ, ಅಕ್ಷರ ಬಿಡಿಸುವಾಗೆಲ್ಲ ನನ್ನ ಬೆರಳು ತುರಿಸುತ್ತಿತ್ತು. ನನಗೂ ಕೊಡು ಎಂದರೆ, ನಿಮಗೆ ಓದೋಕೇ ಸರಿಯಾಗಿ ಬರಲ್ಲ ಅತ್ತೆ, ಒಂದು ಹೋಗಿ ಇನ್ನೊಂದಾದರೆ ನನ್ನ ಗತಿಯೇನು ಎನ್ನುತ್ತಿದ್ದಳು. ಅದೂ ನಿಜವೇ. ನಾನು ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಹೋಗುತ್ತಿದ್ದ ದಿನಗಳಲ್ಲೂ ನನಗೂ ಅಕ್ಷರಕ್ಕೂ ಅಷ್ಟಕ್ಕಷ್ಟೇ.

ಆ ಶನಿವಾರ ಬೆಳಿಗ್ಗೆ ಅವಳ ಬಲಗೈ ಹೆಬ್ಬೆರಳು ಬಾಗಿಲ ಸಂದಿಗೆ ಸಿಕ್ಕಿ ಬದನೆಕಾಯಿಯಾಯಿತು. ಮಧ್ಯಾಹ್ನಕ್ಕೆ ನಲವತ್ತು ಕಪ್‌ಕೇಕ್ ಹೋಗಬೇಕು. ಮಾಡಿಕೊಡಲು ಹೇಳಿದ್ದವಳು ಎದುರು ಬೀದಿಯ ಇಸ್ತ್ರಿಯಮ್ಮ. ಅದು ನಾನಿಟ್ಟ ಹೆಸರು. ಉಟ್ಟ ಬಟ್ಟೆಯಿಂದ ಹಿಡಿದು ನಗುವಿನವರೆಗೆ ಎಲ್ಲಕ್ಕೂ ಇಸ್ತ್ರಿ ಹಾಕಿಕೊಂಡೇ ಹೊರಗೆ ಬರುವವಳು. ಅವಳ ಮೂವತ್ತು ವರ್ಷದ ಮಗ ಕಾರು ಓಡಿಸುವ ಪರೀಕ್ಷೆಯನ್ನು ಏಳನೇ ಸಲಕ್ಕೆ ಪಾಸು ಮಾಡಿದ್ದ. ಹಿಂದಿನ ಆರು ಸಲದಲ್ಲಿ ಅವನು ಗುದ್ದದೆ ಬಿಟ್ಟಿದ್ದು ಆಕಾಶವೊಂದನ್ನೇ.

ಬೇರೆ ದಾರಿಯಿಲ್ಲದೆ ಸೊಸೆ ಕೋನನ್ನು ನನ್ನ ಕೈಗಿಟ್ಟಳು. ಇವತ್ತು ಕೆಡಿಸಿದರೆ ಸಾಯುವವರೆಗೂ ಡಬ್ಬಿಯೇ ಗತಿ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಬಿಸ್ಕತ್ತಿನಗಲದ ಬಿಳಿ ಚಾಕೊಲೇಟ್ ಬಿಲ್ಲೆಗಳು, ನಲವತ್ತಕ್ಕೆ ನಾಲ್ಕೈದು ಹೆಚ್ಚಾಗಿಯೇ, ಸಾಲಾಗಿ ಕೂತಿದ್ದವು. ಅವುಗಳ ಮೇಲೆ ಕಪ್ಪು ಚಾಕೊಲೇಟಿನಲ್ಲಿ ಬರೆದು, ಒಂದೊಂದನ್ನು ಒಂದೊಂದು ಕೇಕಿನ ಕ್ರೀಮಿಗೆ ಸಿಕ್ಕಿಸಬೇಕು. ಸೊಸೆ ಎಡಗೈಯಲ್ಲಿ ಚೀಟಿಯ ಮೇಲೆ ‘ಮಗ ಪಾಸು’ ಎಂದು ಬರೆದು ಸಕ್ಕರೆ ಡಬ್ಬಕ್ಕೆ ಒರಗಿಸಿದಳು.

"ಇದನ್ನ ನೋಡ್ಕೊಂಡು ಹಾಗೇ ಇಳಿಸಿ ಅತ್ತೆ. ಎಲ್ಲಾದ್ರೂ ಖಾಲಿ ಕಂಡ್ರೆ ಒಂದು ಬಳ್ಳಿನೋ ಬೊಟ್ಟೋ ಇಡಿ, ಸಾಕು."

ಇಷ್ಟು ಹೇಳಿ ಓವನ್ ಕಡೆ ಹೋದಳು. ನನ್ನ ಮೊದಲ ‘ಮ’ ಬಸವನಹುಳುವಿನಂತೆ ಬಂತು. ಅದನ್ನು ತಿಂದುಬಿಟ್ಟೆ. ಎರಡನೆಯದನ್ನೂ ತಿಂದೆ. ಮೂರನೆಯದರಿಂದ ಕೈ ಕೂತಿತು. ಒಂದೇ ತೊಂದರೆ, ‘ಮ’ಕ್ಕೂ ‘ಗ’ಕ್ಕೂ ನಡುವೆ ಎಮ್ಮೆ ಮಲಗುವಷ್ಟು ಜಾಗ ಉಳಿಯಿತು. ಖಾಲಿ ಕಂಡರೆ ಬೊಟ್ಟು ಇಡಿ ಎಂದಿದ್ದಳಲ್ಲ, ಒಂದು ಉಂಗುರ ಎಳೆದೆ. ಎಂಥ ಉಂಗುರ ಅಂತೀರಿ. ತೀರಿಕೊಂಡ ನಮ್ಮ ಯಜಮಾನರ ಬೋಳುತಲೆಯನ್ನು ನಲವತ್ತು ವರ್ಷ ನೋಡಿದ ಕಣ್ಣಿಗೆ ದುಂಡಗೆ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಅದು ಎಷ್ಟು ಚೆನ್ನಾಗಿ ಕಂಡಿತೆಂದರೆ ನಲವತ್ತಕ್ಕೂ ಇಟ್ಟೆ.

ಸೊಸೆ ನೋಡಲು ಬಂದಳು. ನಾನು ಆಗಲೇ ಬಿಲ್ಲೆ ಸಿಕ್ಕಿಸಿ ಮುಚ್ಚಳ ಹಾಕಿದ್ದೆ, ಡಬ್ಬಿ ಹೇಗೂ ನನ್ನ ಇಲಾಖೆ. ಇಸ್ತ್ರಿಯಮ್ಮನ ಮನೆಯಲ್ಲೇ ಎಲ್ಲರ ಮುಂದೆ ನೋಡಿ ಹೊಗಳು ಎಂದೆ. ಹೊತ್ತಾಗಿತ್ತು, ಹೊರಟೆವು.

ಇಸ್ತ್ರಿಯಮ್ಮನ ಹಾಲ್ ತುಂಬ ಜನ. ಮುಚ್ಚಳ ತೆಗೆದೆ. ಮುಂದೆ ನಿಂತವರು ಓದಿದರು, ಹಿಂದಿನವರಿಗೆ ಜಾಗ ಬಿಟ್ಟರು, ಅವರೂ ಓದಿದರು. ಸೊಸೆ ನನ್ನ ಕಿವಿಗೆ ಬಾಯಿಟ್ಟಳು.

"ಅತ್ತೆ, ಮಧ್ಯ ಸೊನ್ನೆ ಇಟ್ಟಿದ್ದೀರಿ. ‘ಮಂಗ ಪಾಸು’ ಅಂತಿದೆ."

ನನಗೆ ಲೆಕ್ಕದ ಸೊನ್ನೆ ಗೊತ್ತಿತ್ತು, ಅಕ್ಷರಕ್ಕೂ ಒಂದು ಸೊನ್ನೆ ಇರುವುದು ಮರೆತೇ ಹೋಗಿತ್ತು. ಮೇಜಿನ ಮೇಲೆ ನಲವತ್ತು ಮಂಗಗಳು. ಕಣ್ಣು ಮುಚ್ಚಿದರೆ ರಟ್ಟಿನ ಡಬ್ಬಿಗಳು ಮೆರವಣಿಗೆ ಬರುತ್ತಿದ್ದವು.

ಇಸ್ತ್ರಿಯಮ್ಮ ಕನ್ನಡಕ ಹಾಕಿಕೊಂಡು ಒಂದನ್ನು ಓದಿದಳು. ಇನ್ನೊಂದನ್ನು ಓದಿದಳು. ಕಿವಿಯವರೆಗೆ ಕೆಂಪಾಗಿ ಗಂಡನ ಕಡೆ ತಿರುಗಿದಳು.

"ಮನೇಲಿ ಕರೆಯೋದನ್ನ ಹೊರಗೆ ಹೇಳಿದ್ದು ಯಾರು? ನೀವೇ ತಾನೇ?"

"ನಾನ್ಯಾಕೆ ಹೇಳ್ಲಿ?" ಎಂದ ಗಂಡ, ಪಾಪ, ಮೆಲ್ಲಗೆ. "ನೀನು ಅವನನ್ನ ಕೂಗಿದ್ರೆ ಬೀದಿ ಕೊನೇಗೆ ಕೇಳುತ್ತೆ."

ಮಗ ಒಂದು ಕೇಕು ಎತ್ತಿಕೊಂಡ. "ಹೋಗ್ಲಿ ಬಿಡಮ್ಮ. ಇಷ್ಟು ದಿನ ಬರೀ ಮಂಗ ಆಗಿದ್ದೆ. ಈಗ ಪಾಸು ಅಂತಾನೂ ಸೇರಿದೆಯಲ್ಲ," ಎಂದು ಬಿಲ್ಲೆಯನ್ನು ಕಟಕ್ಕೆಂದು ಕಚ್ಚಿದ.

ಮೊದಲು ನಕ್ಕವಳು ಇಸ್ತ್ರಿಯಮ್ಮನೇ. ಆ ನಗುವಿನ ಮಡಿಕೆಯೆಲ್ಲ ಮುದುರಿ, ಕಣ್ಣಲ್ಲಿ ನೀರು ಬಂದು, ಕುರ್ಚಿ ಹಿಡಿದುಕೊಂಡಳು. ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ. ಸೊಸೆ ಮೇಜಿನ ಕೆಳಗೆ ಚಿವುಟಿದಳು. ಆ ಗುರುತು ಈಗಲೂ ಇದೆ, ತಟ್ಟೆಯಗಲ.

ದಾರಿಯುದ್ದಕ್ಕೂ ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಮನೆ ಮೆಟ್ಟಿಲ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಒಳಗೆ ಹೋಗಿ ಹೊಸ ಕೋನ್ ಸುತ್ತಿ ತಂದಳು.

"ಬಳ್ಳಿ ಬಿಡಿಸಿ, ಎಲೆ ಬಿಡಿಸಿ, ಏನಾದ್ರೂ ಮಾಡಿ. ನನ್ನನ್ನ ಕೇಳದೆ ಸೊನ್ನೆ ಮಾತ್ರ ಇಡಬೇಡಿ."

ಸರಿಯೆಂದೆ. ಇವತ್ತು ಇಸ್ತ್ರಿಯಮ್ಮನ ಗಂಡ ಕಳ್ಳಹೆಜ್ಜೆಯಲ್ಲಿ ಬಂದು ಒಂದು ಚೀಟಿ ಕೊಟ್ಟು ಹೋಗಿದ್ದಾನೆ. ಮುಂದಿನ ವಾರ ಹೆಂಡತಿಯ ಹುಟ್ಟಿದ ದಿನವಂತೆ. ಇದರಲ್ಲಿ ಅವಳ ಹೆಸರು ಬರೆದಿದ್ದೇನೆ, ಎಲ್ಲಾದರೂ ಒಂದು ಸೊನ್ನೆ ಹಿಡಿಸುತ್ತದೆಯೇ ನೋಡಿ ಅಮ್ಮ ಅಂದ. ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದೇನೆ. ಜಾಗವೇನೋ ಬೇಕಾದಷ್ಟಿದೆ. ಸೊಸೆ ರಟ್ಟಿನ ಡಬ್ಬಿಗಳ ಕಡೆ ನೋಡುತ್ತ ಆಗಿನಿಂದ ಕೆಮ್ಮುತ್ತಿದ್ದಾಳೆ.